ದೊಡ್ಡ ಗೇಮ್ಸ್ ಬಂದ್ರೆ ಊರಿಗೆ ನಿಜವಾಗಿ ಎಂತ ಸಿಗ್ತದೆ? ಪ್ರಾಜೆಕ್ಟಿಗೆ ಸ್ವಲ್ಪ ಐಡಿಯಾ ಬೇಕಿತ್ತು

ಕೊಣಾಜೆ ಗುಡ್ಡೆ
ಎಲ್ರಿಗೂ ನಮಸ್ಕಾರ. ನಾನು ಎಂ.ಎ. ಎಕನಾಮಿಕ್ಸ್ ಕೊನೇ ಸೆಮಿಸ್ಟರ್, ಮನೆ ಉಡುಪಿ ಕಡೆ, ಓದುದು ಮಂಗಳೂರಲ್ಲಿ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್ ಇಂಥದ್ದು ನಡೆಸಿದ ಊರಿಗೆ ಎಂತ ಲಾಭ ಎಂತ ನಷ್ಟ ಅಂತ ಪ್ರಾಜೆಕ್ಟ್ ಮಾಡ್ಲಿಕ್ಕೆ ಹೊರಟಿದ್ದೇನೆ. ಅಹಮದಾಬಾದಿಗೆ 2030ರ ಕಾಮನ್‌ವೆಲ್ತ್ ಸಿಕ್ಕಿತಲ್ಲ, 2036ರ ಒಲಿಂಪಿಕ್ಸ್ ನಮಗೆ ಕೊಡಿ ಅಂತಲೂ ಭಾರತ ಕೇಳಿ ಆಗಿದೆ, ಹಾಗಾಗಿ ಈಗ ಬಿಸಿ ವಿಷಯ ಅಂತ ಗ್ರಹಿಸಿದ್ದು. ಗೈಡ್ ಹತ್ರ ಹೇಳಿದ್ರೆ "ನೀನು ಇಲ್ಲಿ ಕೂತು ಅಹಮದಾಬಾದಿನ ಲೆಕ್ಕ ಹಾಕುದಾ?" ಅಂತ ಕೇಳಿ ಕಳಿಸಿದ್ರು. ಪೇಪರ್ ಓದಿ ಓದಿ ಮಂಡೆ ಬಿಸಿ ಆಗಿದೆ, ಒಬ್ರು ಲಾಭ ಅಂತಾರೆ ಇನ್ನೊಬ್ರು ದಿವಾಳಿ ಅಂತಾರೆ, ಇಬ್ರ ಹತ್ರವೂ ಟೇಬಲ್ ಉಂಟು. ಕ್ರೀಡೆ, ಲೆಕ್ಕಪತ್ರ, ಆಸ್ಪತ್ರೆ ಯಾವ ಲೈನಿನವರಾದ್ರೂ ಸರಿ, ಗೊತ್ತಿದ್ದದ್ದು ಹೇಳಿ. ಬೈಯುದಿದ್ರೂ ಬೈಯಿರಿ.

ಸೀಟಿ ಮಾಸ್ಟ್ರು
ಮಗಳೇ ಒಳ್ಳೆ ವಿಷಯ ತಗೊಂಡಿದ್ದಿ. ನಾನು ರಿಟೈರ್ಡ್ ಪಿಟಿ ಮಾಸ್ಟ್ರು, ನನ್ನನ್ನು ಲಾಭದ ಪಾರ್ಟಿ ಅಂತಲೇ ಬರ್ಕೋ. 1982ರ ದಿಲ್ಲಿ ಏಷ್ಯಾಡ್ ಆಗುವಾಗ ಕೆಲಸಕ್ಕೆ ಸೇರಿದ ಹೊಸತು. ನಮ್ಮ ಕಡೆ ಆಗ ಟಿವಿ ಎಲ್ಲಿತ್ತು, ರೇಡಿಯೋದ ಎದುರು ಕೂತದ್ದು. ಪಿ.ಟಿ. ಉಷಾಗೆ 100 ಮೀಟರ್, 200 ಮೀಟರ್ ಎರಡರಲ್ಲೂ ಬೆಳ್ಳಿ, ವಲ್ಸಮ್ಮನಿಗೆ 400 ಮೀಟರ್ ಹರ್ಡಲ್ಸಿನಲ್ಲಿ ಚಿನ್ನ. ಮರುವಾರ ನೋಡಿದ್ರೆ ಶಾಲೆ ಹತ್ರದ ಕೊಯ್ಲಾದ ಗದ್ದೆಯಲ್ಲಿ ನಮ್ಮ ಹುಡುಗಿಯರು ಬಿದಿರಿನ ಕೋಲು ಅಡ್ಡ ಇಟ್ಟು ಹಾರ್ತಾ ಇದ್ದಾರೆ, ಯಾರೂ ಹೇಳಿಕೊಟ್ಟದ್ದಲ್ಲ. ಅದನ್ನು ಯಾವ ಟೇಬಲಿನಲ್ಲಿ ಹಾಕ್ತಾರೆ? ಮತ್ತೆ ದಿಲ್ಲಿಗೆ ನೆಹರೂ ಸ್ಟೇಡಿಯಂ, ಇಂದಿರಾ ಗಾಂಧಿ ಇಂಡೋರ್ ಸ್ಟೇಡಿಯಂ, ಎಷ್ಟೋ ಫ್ಲೈಓವರ್ ಬಂದದ್ದು ಆ ಹೊತ್ತಿಗೇ. ದೇಶಕ್ಕೆ ಕಲರ್ ಟಿವಿ ಬಂದದ್ದೂ ಆ ವರ್ಷವೇ.

ಲೆಕ್ಕದವ
ಮಾಸ್ಟ್ರೆ ನಮಸ್ಕಾರ, ಕಲರ್ ಟಿವಿಯ ವಿಷಯ ಸರಿ, ಆದ್ರೆ ಬಿಲ್ಲಿನ ವಿಷಯವೂ ಹೇಳ್ಬೇಕಲ್ಲ. ನಾನು ಮಂಗಳೂರಲ್ಲಿ ಆಡಿಟ್ ಕೆಲಸ ಮಾಡುವವ. ಆಕ್ಸ್‌ಫರ್ಡಿನ ಫ್ಲೂಬ್ಯೇರ್ ಅನ್ನುವವರು ಮತ್ತು ಅವರ ಜೊತೆಯವರು 1960ರಿಂದ ಈಚೆಗಿನ ಒಲಿಂಪಿಕ್ಸ್‌ಗಳ ಲೆಕ್ಕ ತೆಗೆದು ನೋಡಿದ್ರು. ಲೆಕ್ಕ ಸಿಕ್ಕಿದ ಒಂದೇ ಒಂದು ಗೇಮ್ಸ್ ಕೂಡ ಬಜೆಟಿನೊಳಗೆ ಮುಗಿದಿಲ್ಲ. ಅವರ 2016ರ ವರದಿ ಪ್ರಕಾರ ಬೆಲೆಯೇರಿಕೆ ತೆಗೆದು ನೋಡಿದ್ರೂ ಸರಾಸರಿ 156% ಜಾಸ್ತಿ. ಅದೂ ಕ್ರೀಡೆಗೆ ನೇರ ಸಂಬಂಧಪಟ್ಟ ಖರ್ಚು ಮಾತ್ರ, ರಸ್ತೆ ರೈಲು ಏರ್‌ಪೋರ್ಟ್ ಸೇರಿಸಿಲ್ಲ. 1976ರ ಮಾಂಟ್ರಿಯಲ್ 720%. ಅಲ್ಲಿಯ ಮೇಯರ್ ಮೊದಲು ಹೇಳಿದ್ದು ಎಂತ ಗೊತ್ತುಂಟಾ, ಗಂಡಸು ಹೆರುದು ಹೇಗೆ ಆಗದೋ ಒಲಿಂಪಿಕ್ಸ್ ನಷ್ಟಕ್ಕೆ ಹೋಗುದೂ ಹಾಗೇ ಅಂತ. ಕಡೆಗೆ ಆ ಸಾಲ ತೀರಿದ್ದು 2006ರಲ್ಲಿ, 30 ವರ್ಷ, ಸಿಗರೇಟಿನ ಮೇಲೆ ಟ್ಯಾಕ್ಸ್ ಹಾಕಿ ಹಾಕಿ.

ಯಾಕೆ ಹೀಗೆ ಅಂತ ಫ್ಲೂಬ್ಯೇರ್ ಕಡೆಯವರು ಕೊಟ್ಟ ಕಾರಣ ನನಗೆ ಭಾರಿ ಇಷ್ಟ ಆಯ್ತು. ಮನೆ ಒಕ್ಕಲಿನ ಮುಹೂರ್ತ ಇಟ್ಟು ಕಾಗದ ಹಂಚಿ ಆದ ಮೇಲೆ ಟೈಲ್ಸಿನವ ಕೇಳಿದಷ್ಟು ಕೊಡುದು ಬಿಟ್ರೆ ಬೇರೆ ದಾರಿ ಉಂಟಾ? ಗೇಮ್ಸಿನದ್ದೂ ಅದೇ ಕಥೆ. ತಾರೀಕು ಮುಂದೆ ಹೋಗುದಿಲ್ಲ, ಕೆಲಸ ಅರ್ಧಕ್ಕೆ ಬಿಡ್ಲಿಕ್ಕಾಗುದಿಲ್ಲ, ಎಳೆದ್ರೆ ಬಗ್ಗುವುದು ದುಡ್ಡು ಒಂದೇ. ಅದರ ಮೇಲೆ ಪ್ರತಿ ಸಲ ಹೊಸ ಊರು, ಹೊಸ ಕಮಿಟಿ, ಮನೆ ಕಟ್ಟಿಸಿಯೇ ಗೊತ್ತಿಲ್ಲದವರು. ನಮ್ಮ 2010ರ ದಿಲ್ಲಿ ಕಾಮನ್‌ವೆಲ್ತಿಗೆ ಒಟ್ಟು ಖರ್ಚು 18,532 ಕೋಟಿ ಅಂತ ಸರ್ಕಾರದ ಲೆಕ್ಕ ನೋಡುವ ಸಿಎಜಿ 2011ರಲ್ಲಿ ಬರೆದದ್ದು. ಬಿಡ್ ಹಾಕುವಾಗ ತೋರಿಸಿದ ಅಂಕಿಯ ಹತ್ತಿರವೂ ಇಲ್ಲ ಅದು.

ದೋಹಾ ಬಾಬಣ್ಣ
ಎಲ್ಲ ಕಡೆ ಹಾಗಿಲ್ಲ ರಾಯರೆ. ನಾನು 2006ರಲ್ಲಿ ದೋಹಾದಲ್ಲೇ ಇದ್ದೆ, ಏಷ್ಯನ್ ಗೇಮ್ಸ್ ಓಪನಿಂಗಿನ ದಿನ ಮಳೆ ಅಂದ್ರೆ ಮಳೆ, ಮರುಭೂಮಿಯಲ್ಲಿ ನಮ್ಮ ಆಟಿ ತಿಂಗಳು ನೆನಪಾಯ್ತು. ಆಗ ರಿಪೇರಿ ಮಾಡಿದ ಖಲೀಫಾ ಸ್ಟೇಡಿಯಂ, ಆಸ್ಪೈರ್ ಡೋಮ್ ಇವತ್ತಿಗೂ ಬಳಕೆಯಲ್ಲುಂಟು. 2030ರ ಏಷ್ಯನ್ ಗೇಮ್ಸ್ ಕೂಡ ಪುನಃ ದೋಹಾಕ್ಕೇ. ಲಾಸ್ ಏಂಜಲೀಸ್ 1984 ಲಾಭ ಮಾಡಿದೆ, 20 ಕೋಟಿ ಡಾಲರಿಗಿಂತ ಜಾಸ್ತಿ ಉಳಿಸಿದ್ರು. 1992ರ ಬಾರ್ಸಿಲೋನಾ ನೋಡಿ, ಗೋಡೌನು ರೈಲ್ವೆ ಹಳಿ ಅಡ್ಡ ಇದ್ದ ಕಡಲ ಬದಿಯನ್ನು ಬೀಚ್ ಮಾಡಿಬಿಟ್ರು. ನಮ್ಮವರಿಗೆ ಯಾವಾಗ್ಲೂ ನೆಗೆಟಿವೇ ಕಾಣುದು.

ಲೆಕ್ಕದವ
ಬಾಬಣ್ಣ ಬೇಜಾರು ಮಾಡ್ಬೇಡಿ, ಎಣ್ಣೆ ಬಾವಿ ಇದ್ದವರ ಲೆಕ್ಕವೇ ಬೇರೆ. ಲಾಸ್ ಏಂಜಲೀಸಿಗೆ ಯಾಕೆ ಉಳಿಯಿತು? ಮಾಂಟ್ರಿಯಲ್ ಕಥೆ ನೋಡಿ ಎಲ್ರೂ ಹೆದರಿ ಕೂತಿದ್ರು, ಕಡೆಗೆ ಉಳಿದದ್ದು ಇವರೊಬ್ರೇ. ಒಬ್ಬನೇ ಗಿರಾಕಿ ಇದ್ರೆ ಅಂಗಡಿಯವನೇ ಬಗ್ಗಬೇಕಲ್ಲ, ಹಾಗೆ ಒಲಿಂಪಿಕ್ ಸಮಿತಿ ಇವರ ಷರತ್ತಿಗೆ ಒಪ್ಪಿತು. 1932ರಲ್ಲಿ ಬಳಸಿದ ಕೊಲಿಸಿಯಂ ಸ್ಟೇಡಿಯಂನಲ್ಲೇ ಪುನಃ ಮಾಡಿ ಮುಗಿಸಿದ್ರು. ಬಾರ್ಸಿಲೋನಾಕ್ಕೆ ಊರು ಸರಿ ಮಾಡುವ ಪ್ಲಾನ್ ಮೊದಲೇ ಇತ್ತು, ಅದಕ್ಕೆ ಗೇಮ್ಸಿನ ದುಡ್ಡನ್ನು ಬಳಸಿಕೊಂಡ್ರು. 2004ರ ಅಥೆನ್ಸಿನಲ್ಲಿ ಗೇಮ್ಸಿಗೆ ಅಂತ ಕಟ್ಟಿದ್ದು, ಮತ್ತೆ ಕೆಲವು ಕಡೆ ಹುಲ್ಲು ಬೆಳೆಯಿತು.

ಪಡುಬಿದ್ರಿ ಎಕ್ಸ್‌ಪ್ರೆಸ್
ಕೃಷ್ಣ ಮಠದ ಪರ್ಯಾಯ ಉತ್ಸವ ಬಂತು ಅಂದ್ರೆ ಉಡುಪಿ ರಸ್ತೆಗೆ ಡಾಂಬರು. ಎರಡು ವರ್ಷಕ್ಕೊಂದು ಒಲಿಂಪಿಕ್ಸ್ ನಮಗೆ ಉಂಟು ಮಾರಾಯ್ರೆ, ಬೇರೆ ಎಂತಕ್ಕೆ 😄

ಕೊಣಾಜೆ ಗುಡ್ಡೆ
😂 ಅದು ನಿಜ. ಆದ್ರೆ ಲೆಕ್ಕದವ ಸರ್, ನನಗೆ ಅರ್ಥ ಆಗದ್ದು ಒಂದೇ. ಗೇಮ್ಸ್ ಮೊದಲು ಬರುವ ಎಲ್ಲ ವರದಿಯಲ್ಲೂ ಲಾಭ ಇರ್ತದೆ, ಮುಗಿದ ಮೇಲೆ ಪ್ರೊಫೆಸರ್‌ಗಳು ಬರೆದದ್ರಲ್ಲಿ ಲಾಭ ಕಾಣುದೇ ಇಲ್ಲ. ಇಷ್ಟು ವ್ಯತ್ಯಾಸ ಹೇಗೆ?

ಲೆಕ್ಕದವ
ಮೊದಲಿನದ್ದನ್ನು ಬರೆಸುವವರು ಯಾರು ನೋಡಿ, ಗೇಮ್ಸ್ ಬೇಕು ಅನ್ನುವವರೇ. ಬಂದ ಪ್ರತಿಯೊಬ್ಬ ಖರ್ಚು ಮಾಡಿದ ಪ್ರತಿ ರೂಪಾಯಿಯನ್ನೂ ಹೊಸ ದುಡ್ಡು ಅಂತ ಹಿಡಿಯುದು, ಆ ದುಡ್ಡು ಊರೊಳಗೆ ಕೈಯಿಂದ ಕೈಗೆ ಹೋಗಿ ಇಷ್ಟು ಪಟ್ಟು ಆಗ್ತದೆ ಅಂತ ಮಲ್ಟಿಪ್ಲೈಯರ್ ಅನ್ನುವ ಒಂದು ಅಂಕಿಯಿಂದ ಗುಣಿಸುದು, ಮುಗಿಯಿತು. ಊರಿನವ ಟಿಕೆಟಿಗೆ ಕೊಟ್ಟ ದುಡ್ಡು ಇಲ್ಲದಿದ್ರೆ ಸಿನಿಮಾಕ್ಕೋ ಯಕ್ಷಗಾನಕ್ಕೋ ಮೀನಿಗೋ ಹೋಗ್ತಿತ್ತು, ಅದನ್ನು ಕಳೆಯುದಿಲ್ಲ. ಕಂಟ್ರಾಕ್ಟ್ ಹೊರಗಿನವನಿಗೆ ಹೋದ್ರೆ ದುಡ್ಡೂ ಅವನೊಟ್ಟಿಗೆ ಹೋಯ್ತು, ಅದನ್ನೂ ಕಳೆಯುದಿಲ್ಲ. ಬಾಡೆ, ಮ್ಯಾಥೆಸನ್, ಜಿಂಬಲಿಸ್ಟ್ ಅಂತ ಅಮೆರಿಕದ ಎಕನಾಮಿಸ್ಟ್‌ಗಳು ವರ್ಷಗಟ್ಟಲೆ ಇದನ್ನೇ ಹೇಳ್ತಾ ಇದ್ದಾರೆ, ನೀವು ಓದಿಯೇ ಇರ್ತೀರಿ.

ಚಾ ಗೋಳಿಬಜೆ
ನಾನು ಇಲ್ಲಿ ಓದುದು ಮಾತ್ರ, ಬರೆಯುವವ ಅಲ್ಲ. ಆದ್ರೆ ಇದು ಓದಿ ಸುಮ್ಮನೆ ಕೂರ್ಲಿಕ್ಕೆ ಆಗ್ಲಿಲ್ಲ. ನಮ್ಮದು ಒಂದು ಸ್ಟೇಡಿಯಂ ಹತ್ರ ಚಿಕ್ಕ ಹೋಟ್ಲು, ಯಾವ ಊರು ಅಂತ ಹೇಳುದಿಲ್ಲ, ವ್ಯಾಪಾರ ಮಾಡುವ ಜಾಗ. ಕೆಲವು ವರ್ಷದ ಹಿಂದೆ ಅಲ್ಲಿ ಮೂರು ದಿನದ ದೊಡ್ಡ ಕೂಟ ಬಂತು, ಹೊರಗಿಂದ ಸಾವಿರಗಟ್ಟಲೆ ಮಕ್ಕಳು ಬರ್ತಾರೆ ಅಂತ ಸುದ್ದಿ. ಅಪ್ಪ ಖುಷಿಯಲ್ಲಿ ಹಾಲು ಡಬ್ಬಲ್ ಹೇಳಿದ್ರು, ಬನ್ಸಿಗೆ ಹಿಂದಿನ ದಿನವೇ ಬಾಳೆಹಣ್ಣು ಕಿವುಚಿ ದೊಡ್ಡ ಪಾತ್ರೆಯಲ್ಲಿ ಹಿಟ್ಟು ಕಲಸಿ ಇಟ್ರು, ಒಬ್ಬ ಹುಡುಗನನ್ನು ಬೇರೆ ಕರೆಸಿದ್ರು. ಬೆಳಿಗ್ಗೆ ಆರು ಗಂಟೆಗೆ ನೋಡಿದ್ರೆ ರಸ್ತೆಗೆ ಎರಡೂ ಕಡೆ ಬ್ಯಾರಿಕೇಡ್. ಮಕ್ಕಳಿಗೆ ಒಳಗೇ ಊಟ ತಿಂಡಿ, ಕುತ್ತಿಗೆಯಲ್ಲಿ ಕೂಪನ್ನು. ನಮ್ಮ ದಿನಾ ಬರುವ ರಿಕ್ಷಾದವರು, ಆಫೀಸಿನವರು, ಕಾಲೇಜು ಮಕ್ಕಳು ಆ ಕಡೆ ರಶ್ ಅಂತ ಬೇರೆ ರಸ್ತೆ ಹಿಡಿದ್ರು.

ಅಪ್ಪನಿಗೆ ದಿನದ ಲೆಕ್ಕ ಉದ್ದ ಪುಸ್ತಕದಲ್ಲಿ ಬರೆಯುವ ಅಭ್ಯಾಸ ಉಂಟು, ಕೆಂಪು ರಟ್ಟಿನದ್ದು. ಈಗ ತೆಗೆದು ನೋಡಿದೆ. ಶುಕ್ರವಾರ ಹಾಲು 38 ಲೀಟರ್, ಉಳಿದದ್ದು 17. ಬನ್ಸ್ 240, ಉಳಿದದ್ದು 110. ಬದಿಯಲ್ಲಿ ಪೆನ್ಸಿಲಿನಲ್ಲಿ "ಆಟ" ಅಂತ ಒಂದೇ ಶಬ್ದ ಬರೆದು ಅಡಿಗೆರೆ ಎಳೆದಿದ್ದಾರೆ. ಆ ಸಂಜೆ ನಾವು ಪೇಪರಿನಲ್ಲಿ ಬನ್ಸ್ ಕಟ್ಟಿ ನೆರೆಕರೆಗೆ ಹಂಚಿದ್ದು ನನಗೆ ಈಗಲೂ ನೆನಪುಂಟು, ಅಮ್ಮ ಎಂತ ಹೇಳಿದ್ರು ಅಂತ ಇಲ್ಲಿ ಬರೆಯುದಿಲ್ಲ. ಶಾಮಿಯಾನ ಹಾಕುವವರು ಒಂದು ವಾರ ಮೊದಲಿಂದ ನಮ್ಮಲ್ಲೇ ಚಾ ತಿಂಡಿ, ಮೇಸ್ತ್ರಿ ಹೆಸರಲ್ಲಿ ಬರೆಸಿದ್ದು. ಆ ಬಾಕಿ ಇನ್ನೂ ಬರ್ಲಿಕ್ಕುಂಟು. ಆದ್ರೆ ಬಸ್‌ಸ್ಟ್ಯಾಂಡ್ ಹತ್ರದ ಲಾಡ್ಜುಗಳು ಮೂರು ದಿನವೂ ಫುಲ್, ಅವರಿಗೆ ಒಳ್ಳೆದಾಯ್ತು. ಪತ್ರಿಕೆಯಲ್ಲಿ ಮಾತ್ರ ಊರಿಗೆ ಭರ್ಜರಿ ವ್ಯಾಪಾರ ಅಂತ ಬಂದಿತ್ತು.

ಕೊಣಾಜೆ ಗುಡ್ಡೆ
ಅಣ್ಣಾ!! ಇದಕ್ಕೇ ಪುಸ್ತಕದಲ್ಲಿ ಕ್ರೌಡಿಂಗ್ ಔಟ್ ಅನ್ನುದು. ಹೊಸಬರು ಬರುವ ಗೌಜಿಯಲ್ಲಿ ದಿನಾ ಬರುವವರು ಹೊರಗೆ ಹೋಗುದು. ಲಂಡನ್ನಿನಲ್ಲೂ ಇದೇ, 2012ರ ಆಗಸ್ಟ್ ಅಂದ್ರೆ ಒಲಿಂಪಿಕ್ಸ್ ನಡೆದ ತಿಂಗಳು, ಬ್ರಿಟನ್ನಿಗೆ ಬಂದ ವಿದೇಶಿಯರು ಹಿಂದಿನ ವರ್ಷದ ಆಗಸ್ಟಿಗಿಂತ ಕಡಿಮೆ. ರಶ್, ರೇಟ್ ಜಾಸ್ತಿ ಅಂತ ಮಾಮೂಲಿ ಟೂರಿಸ್ಟ್‌ಗಳು ಬರ್ಲೇ ಇಲ್ಲ. ಬಂದವರು ಖರ್ಚು ಜಾಸ್ತಿ ಮಾಡಿದ್ರು, ಅದು ಬೇರೆ ವಿಷಯ. ಅಣ್ಣ, ಆ ಪುಸ್ತಕ ಆ ವರ್ಷದ್ದು ಇಡೀ ಉಂಟಾ?

ಚಾ ಗೋಳಿಬಜೆ
ಹತ್ತೊಂಬತ್ತು ವರ್ಷದ್ದು ಉಂಟು. ಒಂದು ಮಾತ್ರ ಗೆದ್ದಲು ತಿಂದಿದೆ.

ಪಡುಬಿದ್ರಿ ಎಕ್ಸ್‌ಪ್ರೆಸ್
ಅಂದ್ರೆ ಲಂಡನ್ ಒಲಿಂಪಿಕ್ಸಿಗೂ ಇವರ ಬನ್ಸಿಗೂ ಒಂದೇ ಥಿಯರಿ. ಸಾಕು ನಾನು ಮಲಗ್ತೇನೆ

ಮಣಿಪಾಲ ನೈಟ್ ಡ್ಯೂಟಿ
ನಾನು ಪಬ್ಲಿಕ್ ಹೆಲ್ತ್ ಕಡೆಯವಳು, ಡ್ಯೂಟಿ ಮಧ್ಯದಲ್ಲಿ ಟೈಪ್ ಮಾಡುದು, ತಪ್ಪಿದ್ರೆ ಕ್ಷಮಿಸಿ. ತಂಗಿ, ನಿನ್ನ ವಿಷಯಕ್ಕೆ ಓದಲೇಬೇಕಾದ್ದು ಒಂದುಂಟು, 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂದ ರಿವ್ಯೂ, ಮೆಕ್‌ಕಾರ್ಟ್ನಿ ಮತ್ತು ಇತರರದ್ದು. ಗ್ಲಾಸ್ಗೋಕ್ಕೆ 2014ರ ಕಾಮನ್‌ವೆಲ್ತ್ ಸಿಕ್ಕಿದ ಮೇಲೆ, ಇದ್ರಿಂದ ಜನರ ಆರೋಗ್ಯಕ್ಕೆ ಬದುಕಿಗೆ ಎಂತ ಆಗ್ತದೆ ಅಂತ 1978ರಿಂದ 2008ರವರೆಗಿನ ಅಧ್ಯಯನ ಹುಡುಕಿದ್ರು. ಸಿಕ್ಕಿದ್ದು 54. ತೀರ್ಮಾನ ಎಂತದು ಅಂದ್ರೆ ಒಳ್ಳೆದಾಗ್ತದೆ ಅನ್ಲಿಕ್ಕೂ ಕೆಟ್ಟದಾಗ್ತದೆ ಅನ್ಲಿಕ್ಕೂ ಗಟ್ಟಿ ಸಾಕ್ಷಿ ಇಲ್ಲ, ಹೆಚ್ಚಿನ ಅಧ್ಯಯನಗಳ ಗುಣಮಟ್ಟವೇ ಸಾಲದು. ಕೋಟಿ ಕೋಟಿ ಸುರಿಯುವ ವಿಷಯಕ್ಕೆ ಇಷ್ಟೇ!

ಇನ್ನೊಂದು ಕಥೆ ನಾವು ಕ್ಲಾಸಿನಲ್ಲಿ ಹೇಳುದು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಸಮಯ ಬಸ್ ಜಾಸ್ತಿ ಬಿಟ್ಟು, ಆಫೀಸ್ ಟೈಮ್ ಬದಲಿಸಿ, ಕಾರು ಕಡಿಮೆ ಮಾಡಿಸಿದ್ರು. ಬೆಳಗ್ಗಿನ ರಶ್ ಟ್ರಾಫಿಕ್ 22.5% ಇಳಿಯಿತು, ಉಸಿರಾಡುವ ಗಾಳಿಯಲ್ಲಿದ್ರೆ ಉಬ್ಬಸ ಜಾಸ್ತಿ ಮಾಡುವ ಓಝೋನ್ ಸುಮಾರು 28% ಇಳಿಯಿತು, ಅಲ್ಲಿನ ಬಡವರ ಮೆಡಿಕೇಯ್ಡ್ ಸ್ಕೀಮಿನ ದಾಖಲೆಯಲ್ಲಿ ಮಕ್ಕಳ ಉಬ್ಬಸದ ತುರ್ತು ಕೇಸು 40%ಕ್ಕಿಂತ ಜಾಸ್ತಿ ಇಳಿಯಿತು. 2001ರಲ್ಲಿ ಪೇಪರ್ ಬಂದಾಗ ಎಲ್ರೂ ಹೊಗಳಿದ್ದೇ ಹೊಗಳಿದ್ದು. ಮತ್ತೆ ಬೇರೆಯವರು ಪುನಃ ತೆಗೆದು ನೋಡಿದ್ರು, ಆ ವಾರಗಳಲ್ಲಿ ಓಝೋನ್ ಇಳಿದದ್ದು ಅಟ್ಲಾಂಟಾದಲ್ಲಿ ಮಾತ್ರ ಅಲ್ಲ, ಗೇಮ್ಸೇ ಇಲ್ಲದ ಸುತ್ತಿನ ಊರುಗಳಲ್ಲೂ ಇಳಿದಿತ್ತು, ಹವೆಯದ್ದೇ ಕೈವಾಡ ಇರ್ಬೇಕು. ಆಸ್ಪತ್ರೆ ಅಂಕಿಗಳನ್ನು ಬೇರೆ ವರ್ಷಗಳ ಅದೇ ತಿಂಗಳ ಜೊತೆ ಇಟ್ಟಾಗ ಆ ದೊಡ್ಡ ಇಳಿಕೆಯೂ ಕರಗಿತು. ಹಾಗಂತ ಎಲ್ಲವೂ ಪೊಳ್ಳು ಅಲ್ಲ. 2008ರಲ್ಲಿ ಬೀಜಿಂಗ್ ಗಾಳಿ ಸ್ವಚ್ಛ ಮಾಡಿದಾಗ ಎಂಟನೇ ತಿಂಗಳಲ್ಲಿದ್ದ ಬಸುರಿಯರ ಮಕ್ಕಳು, ಹಿಂದಿನ ಮತ್ತು ಮುಂದಿನ ವರ್ಷ ಅದೇ ಹೊತ್ತಿನ ಮಕ್ಕಳಿಗಿಂತ ಸರಾಸರಿ 23 ಗ್ರಾಂ ಜಾಸ್ತಿ ತೂಗಿದ್ರು. 23 ಗ್ರಾಂ ಅಂದ್ರೆ ಎಂತ ಮಹಾ ಅನ್ನಿಸಬಹುದು, ಇಡೀ ಊರಿನ ಮಕ್ಕಳ ಸರಾಸರಿ ಅಷ್ಟು ಏರುದು ಸಣ್ಣ ಮಾತಲ್ಲ.

ಮಾಸ್ಟ್ರೆ, ನಿಮ್ಮ ಬಿದಿರು ಕೋಲಿನ ಕಥೆ ಓದಿ ಕಣ್ಣು ತುಂಬಿ ಬಂತು, ಆದ್ರೆ ಗೇಮ್ಸ್ ನೋಡಿ ಜನ ಆಟಕ್ಕಿಳೀತಾರೆ ಅನ್ನುದಕ್ಕೂ ರಿಸರ್ಚಿನಲ್ಲಿ ಸಾಕ್ಷಿ ಬಹಳ ಕಡಿಮೆ.

ಲೆಕ್ಕದವ
ಮೇಡಂ ಹೇಳಿದ ಅಟ್ಲಾಂಟಾ ಕಥೆಯೇ ಇಡೀ ವಿಷಯದ ತಿರುಳು. ಯಾವುದರ ಜೊತೆ ಇಟ್ಟು ನೋಡಿದ್ರಿ ಅನ್ನುದು. ರೋಸ್ ಮತ್ತು ಸ್ಪೀಗಲ್ ಅನ್ನುವವರು 2011ರಲ್ಲಿ ಬರೆದ್ರು, ಒಲಿಂಪಿಕ್ಸ್ ನಡೆಸಿದ ದೇಶಗಳ ರಫ್ತು ಜಾಸ್ತಿ ಆಗ್ತದೆ ಅಂತ. ಅಬ್ಬ ಅಂತ ಅಂದ್ರೆ ಅದೇ ಪೇಪರಿನಲ್ಲಿ ಮುಂದೆ ಉಂಟು, ಬಿಡ್ ಹಾಕಿ ಸೋತವರಿಗೂ ಅಷ್ಟೇ ಜಾಸ್ತಿ ಆಗಿದೆ! ಸ್ಟೇಡಿಯಂ ಕಟ್ಟದೆಯೇ. ನಾವು ವ್ಯಾಪಾರಕ್ಕೆ ಬಾಗಿಲು ತೆರೆದಿದ್ದೇವೆ ಅಂತ ಅರ್ಜಿ ಹಾಕುದ್ರಲ್ಲೇ ಸೂಚನೆ ಹೋಗ್ತದೆ ಅಂತ ಅವರ ವಾದ.

ಚಾ ಗೋಳಿಬಜೆಯವರೇ ಒಂದು ಪ್ರಶ್ನೆ. ಆ ಮೂರು ದಿನ ಬೇರೆ ಎಂತದಾದ್ರೂ ಇತ್ತಾ? ಮಳೆ, ಬಂದ್, ಪರೀಕ್ಷೆ?

ಚಾ ಗೋಳಿಬಜೆ
ಅಯ್ಯೋ ಹೌದಲ್ಲ. ಕಾಲೇಜಿಗೆ ಪರೀಕ್ಷೆ ಮುಗಿದು ರಜೆ ಶುರುವಾದ ವಾರ ಅದು. ಮಕ್ಕಳು ಹೇಗೂ ಕಡಿಮೆ ಇರ್ತಿದ್ರೋ ಏನೋ. ನಾವು ಇಷ್ಟು ವರ್ಷ ಕೂಟಕ್ಕೇ ಬೈದದ್ದು.

ಲೆಕ್ಕದವ
ಹಾಗಾದ್ರೆ ಎರಡು ಕೆಲಸ ಆಗ್ಬೇಕು. ಹಿಂದಿನ ವರ್ಷ ರಜೆ ಶುರುವಾದ ವಾರದ ಪುಟ ಒಂದು. ಮತ್ತೆ ಸ್ಟೇಡಿಯಂ ಇಲ್ಲದ ಕಡೆ, ನಿಮ್ಮಂಥದ್ದೇ ಗಿರಾಕಿ ಇರುವ ಇನ್ನೊಂದು ಹೋಟ್ಲಿನ ಲೆಕ್ಕ. ಅಲ್ಲಿ ಎಷ್ಟು ಇಳಿಯಿತೋ ಅದು ರಜೆಯದ್ದು, ನಿಮ್ಮಲ್ಲಿ ಅದಕ್ಕಿಂತ ಮೇಲೆ ಇಳಿದದ್ದು ಕೂಟದ್ದು. ಪ್ರೊಫೆಸರ್‌ಗಳು ಡಿಫರೆನ್ಸ್ ಇನ್ ಡಿಫರೆನ್ಸಸ್ ಅಂತ ದೊಡ್ಡ ಹೆಸರಿಟ್ಟಿದ್ದಾರೆ, ವಿಷಯ ಇಷ್ಟೇ.

ಚಾ ಗೋಳಿಬಜೆ
ಭಾವನದ್ದು ಬ್ರಹ್ಮಾವರ ಕಡೆ ಹೋಟ್ಲು ಉಂಟು, ಕಾಲೇಜು ಹತ್ರವೇ. ಅವರೂ ಬರೆದಿಡ್ತಾರೆ, ಅಪ್ಪನೇ ಕಲಿಸಿದ್ದು. ತೋರಿಸ್ತಾರಾ ಗೊತ್ತಿಲ್ಲ, ಭಾವ ಸ್ವಲ್ಪ ಗಟ್ಟಿ ಜನ.

ಗಾರೆ ಬಾಲ್ದಿ
ಎಲ್ಲ ಸರಿ, ಲೆಕ್ಕದಲ್ಲಿ ಹೋಟ್ಲು ಬಂತು ಲಾಡ್ಜು ಬಂತು ಬೀಜಿಂಗ್ ಮಗು ಬಂತು. ಕಟ್ಟಿದವರು ಎಲ್ಲಿ? ಮಾಸ್ಟ್ರು ಹೇಳಿದ 1982ರ ಸ್ಟೇಡಿಯಂ ಫ್ಲೈಓವರ್ ಕಟ್ಟಿದ ಕೂಲಿಗಳಿಗೆ ಕನಿಷ್ಠ ಕೂಲಿಯೂ ಪೂರ್ತಿ ಸಿಗ್ಲಿಲ್ಲ, ಮೇಸ್ತ್ರಿಗಳು ಕಮಿಷನ್ ಹಿಡಿದು ಕೊಡ್ತಿದ್ರು. ಪಿಯುಡಿಆರ್ ಅಂತ ಜನರ ಹಕ್ಕಿಗೆ ಹೋರಾಡುವ ಸಂಘಟನೆ ಹೋಗಿ ಜಾಗ ಜಾಗ ನೋಡಿ ಸುಪ್ರೀಂ ಕೋರ್ಟಿಗೆ ಬರೆದ ಪತ್ರವನ್ನೇ ಕೋರ್ಟು ಅರ್ಜಿ ಅಂತ ತಗೊಂಡಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದ್ರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಅಂತ 1982ರ ಸೆಪ್ಟೆಂಬರಿನಲ್ಲಿ, ಗೇಮ್ಸ್ ಶುರುವಾಗುವ ಎರಡು ತಿಂಗಳ ಮೊದಲು, ತೀರ್ಪು ಬಂತು. ಇವತ್ತಿಗೂ ಲಾ ಕಾಲೇಜಿನಲ್ಲಿ ಪಾಠ ಅದು. ನನ್ನನ್ನು ಕೇಳಿದ್ರೆ ಆ ಏಷ್ಯಾಡಿನಿಂದ ಉಳಿದದ್ದರಲ್ಲಿ ಎಲ್ಲದಕ್ಕಿಂತ ಗಟ್ಟಿ ಅದೇ, ಕಾಂಕ್ರೀಟ್ ಅಲ್ಲ.

ಮತ್ತೆ ಮನೆ ಕಳಕೊಂಡವರು. 2007ರಲ್ಲಿ ಜಿನೀವಾದ ಒಂದು ವಸತಿ ಹಕ್ಕಿನ ಸಂಸ್ಥೆ ಲೆಕ್ಕ ಹಾಕಿತ್ತು, 20 ವರ್ಷದಲ್ಲಿ ಒಲಿಂಪಿಕ್ಸ್ ಹೆಸರಲ್ಲಿ 20 ಲಕ್ಷಕ್ಕಿಂತ ಹೆಚ್ಚು ಜನ ಜಾಗ ಬಿಟ್ಟಿದ್ದಾರೆ, ಸಿಯೋಲ್ ಒಂದ್ರಲ್ಲೇ 7,20,000. ಜೋಪಡಿ ಹೋದವ ಸರ್ವೆ ಮಾಡುವವರಿಗೆ ಸಿಗುದೇ ಇಲ್ಲ, ಅವನು ಈಗ ಆ ಊರಿನಲ್ಲೇ ಇಲ್ಲವಲ್ಲ. ಉಳಿದವರನ್ನು ಕೇಳಿದ್ರೆ ಏರಿಯಾ ಚಂದ ಆಗಿದೆ ಅಂತಾರೆ. ತಂಗಿ ಇದನ್ನು ಮೆಥಡಾಲಜಿ ಚಾಪ್ಟರಿನಲ್ಲಿ ಹಾಕು.

ದೋಹಾ ಬಾಬಣ್ಣ
ಇದು ನನಗೆ ಗೊತ್ತಿರ್ಲಿಲ್ಲ. ಗಲ್ಫಿನಲ್ಲಿ ಕಟ್ಟುವವರದ್ದು ನಾನೂ ನೋಡಿದ್ದೇನೆ, ಅದರ ವಿಷಯ ಇಲ್ಲಿ ಬೇಡ.

ಆದ್ರೆ ಈಗ ಬದಲಾಗ್ತಾ ಉಂಟು ಅಂತ ನನ್ನ ಅಭಿಪ್ರಾಯ. ಹನೋಯ್ 2018ರ ಏಷ್ಯನ್ ಗೇಮ್ಸ್ ಬೇಡ ಅಂತ 2014ರಲ್ಲೇ ಬಿಟ್ಟಿತು, ಜಕಾರ್ತ ಪಾಲೆಂಬಾಂಗ್ ಮಾಡಿದ್ದು. ಹ್ಯಾಂಬರ್ಗಿನವರು 2015ರಲ್ಲಿ ಓಟು ಹಾಕಿ ಒಲಿಂಪಿಕ್ಸ್ ಬೇಡ ಅಂದ್ರು. ಆಸ್ಟ್ರೇಲಿಯಾದ ವಿಕ್ಟೋರಿಯಾ 2026ರ ಕಾಮನ್‌ವೆಲ್ತನ್ನು 2023ರಲ್ಲಿ ಕೈಬಿಟ್ಟಿತು, ಗ್ಲಾಸ್ಗೋ 10 ಆಟ ಮಾತ್ರ ಇಟ್ಟು ಇದ್ದ ಸ್ಟೇಡಿಯಂನಲ್ಲೇ ಮಾಡ್ತೇನೆ ಅಂತ ತಗೊಂಡಿತು. ನಗೋಯಾದವರು 2026ರ ಏಷ್ಯನ್ ಗೇಮ್ಸಿಗೆ ಕ್ರೀಡಾಗ್ರಾಮ ಕಟ್ಟುವ ಪ್ಲಾನನ್ನೇ ಬಿಟ್ಟು ಆಟಗಾರರಲ್ಲಿ ಒಂದಿಷ್ಟು ಜನಕ್ಕೆ ಕ್ರೂಸ್ ಹಡಗು ಗೊತ್ತು ಮಾಡಿದ್ದಾರೆ. ಪಣಂಬೂರಿಗೆ ಬರ್ತದಲ್ಲ ಅಂಥದ್ದು. ಆಟ ಮುಗಿದ ಮೇಲೆ ಹಡಗು ಹೋಗ್ತದೆ, ಹುಲ್ಲು ಬೆಳೆಯುವ ಪ್ರಶ್ನೆಯೇ ಇಲ್ಲ.

ಬೆಂಗ್ಳೂರಲ್ಲಿ ಕುಂದಾಪ್ರದವ
ಕಟ್ಟಿದ್ದು ಎಲ್ಲ ಹಾಳು ಬೀಳೂದಿಲ್ಲ. 1997ರ ನ್ಯಾಷನಲ್ ಗೇಮ್ಸಿಗೆ ಕೋರಮಂಗಲದಲ್ಲಿ ಕಟ್ಟಿದ ನ್ಯಾಷನಲ್ ಗೇಮ್ಸ್ ವಿಲೇಜ್ ಮತ್ತೆ ಫ್ಲ್ಯಾಟ್ ಆಯ್ತು. ಇಲ್ಲಿ ರಿಕ್ಷಾದವನ ಹತ್ರ ಎನ್‌ಜಿವಿ ಅಂದ್ರೆ ಸಾಕು, ಅದ್ರಲ್ಲಿ ಗೇಮ್ಸ್ ಅಂತ ಒಂದು ಶಬ್ದ ಉಂಟು ಅಂತ ನನ್ನ ರೂಮ್‌ಮೇಟಿಗೆ ಗೊತ್ತೇ ಇರ್ಲಿಲ್ಲ.

ಸೀಟಿ ಮಾಸ್ಟ್ರು
ರಾತ್ರಿ ಎಲ್ಲ ಓದಿದೆ. ನೈಟ್ ಡ್ಯೂಟಿ ಮೇಡಂ ಹೇಳಿದ್ದು ಮೊದಲು ಸಿಟ್ಟು ಬರಿಸಿತು, ಮತ್ತೆ ಕೂತು ನೆನಪು ಮಾಡಿಕೊಂಡೆ. ಆ ಬಿದಿರು ಕೋಲು ಹಾರ್ಲಿಕ್ಕೆ ಮೊದಲ ವಾರ ಸುಮಾರು ಇಪ್ಪತ್ತು ಹುಡುಗಿಯರು. ಸುಗ್ಗಿ ಬೆಳೆಗೆ ಗದ್ದೆ ಉಳುವಾಗ ಜಾಗ ಹೋಯ್ತು. ಮಳೆ ಹಿಡಿಯುವಾಗ ಉಳಿದದ್ದು ಮೂರು ಜನ, ಅದೂ ನಾನು ಶಾಲೆಯ ಎದುರಿನ ಅಂಗಳದಲ್ಲಿ ಹೆಡ್‌ಮಾಸ್ಟ್ರ ಹತ್ರ ಬೈಗುಳ ತಿಂದು ಓಡಿಸ್ತಿದ್ದೆ ಅಂತ. ಒಬ್ಬಳು ಜಿಲ್ಲೆಗೆ ಹೋದಳು. ಏಷ್ಯಾಡ್ ಆಸೆ ಹುಟ್ಟಿಸಿತು ಅನ್ನುದ್ರಲ್ಲಿ ನನಗೆ ಈಗಲೂ ಸಂಶಯ ಇಲ್ಲ, ಆದ್ರೆ ಗದ್ದೆಯ ಏರ್ಪಾಡು ಯಾರೂ ಮಾಡ್ಲಿಲ್ಲ. ಈಗಲೂ ಎಷ್ಟೋ ಕಡೆ ಲಕ್ಷಗಟ್ಟಲೆ ಹಾಕಿ ಟ್ರ್ಯಾಕ್ ಮಾಡಿ ಗೇಟಿಗೆ ಬೀಗ, ಕೀ ಇದ್ದವ ಊಟಕ್ಕೆ ಹೋಗಿರ್ತಾನೆ, ಮಕ್ಕಳು ಕಂಪೌಂಡ್ ಹಾರಿ ಒಳಗೆ ಹೋಗುದು. ಹರ್ಡಲ್ಸಿಗೆ ಒಳ್ಳೆ ಪ್ರಾಕ್ಟೀಸ್ ಅನ್ನು ಬೇಕಾದ್ರೆ. ನನ್ನನ್ನು ಯಾವ ಪಾರ್ಟಿಯಲ್ಲೂ ಬರ್ಕೊಳ್ಬೇಡ ಮಗಳೇ.

ಕೊಣಾಜೆ ಗುಡ್ಡೆ
ಮಾಸ್ಟ್ರೆ 🙏 ಎಲ್ರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಗೈಡ್ ಹತ್ರ ಮಾತಾಡಿದೆ. ಅಹಮದಾಬಾದ್ ಬಿಟ್ಟೆ. ಸ್ಟೇಡಿಯಂ ಹತ್ರದ ಚಿಕ್ಕ ಅಂಗಡಿ ಹೋಟ್ಲುಗಳ ದಿನದ ಲೆಕ್ಕ, ಕೂಟ ಇದ್ದ ವಾರ ಇಲ್ಲದ ವಾರ, ಜೊತೆಗೆ ದೂರದ ಅಂಗಡಿಗಳು. ಬಾಕಿ ಬಿದ್ದ ದುಡ್ಡಿಗೆ ಬೇರೆ ಕಾಲಂ, ಶಾಮಿಯಾನದವರ ಕೂಲಿಗೂ ಒಂದು. ಸರ್ ಮೊದಲ ಸಲ ಕುರ್ಚಿ ಎಳೆದು ಕೂತ್ಕೋ ಅಂದ್ರು. ಅಣ್ಣ, ಪುಸ್ತಕ ನೋಡ್ಲಿಕ್ಕೆ ಯಾವಾಗ ಬರ್ಬಹುದು? ಹೆಸರು ಊರು ಎಲ್ಲೂ ಹಾಕುದಿಲ್ಲ.

ಚಾ ಗೋಳಿಬಜೆ
ಮಧ್ಯಾಹ್ನ ಮೂರರ ಮೇಲೆ ಬನ್ನಿ, ಆಗ ಗಿರಾಕಿ ಕಡಿಮೆ. ಪುಸ್ತಕ ಮನೆಗೆ ಕೊಡುದಿಲ್ಲ ಅಂತ ಅಪ್ಪ ಹೇಳಿದ್ದಾರೆ, ಅಲ್ಲೇ ಕೂತು ಬರ್ಕೊಳ್ಬೇಕು. ಭಾವನ ಹತ್ರವೂ ಕೇಳಿದೆ, ಇನ್‌ಕಂ ಟ್ಯಾಕ್ಸಿನವಳಾ ಅಂತ ಎರಡು ಸಲ ಕೇಳಿದ್ರು. ನೀವು ಬರುವಾಗ ಕಾಲೇಜು ಐಡಿ ಹಿಡ್ಕೊಂಡು ಬನ್ನಿ.